ಕಾಡುಪಾಪ: ತಾಳಮಲೆ ಸೀಮೆಯವರು ಅರಿಯಬೇಕಾದ ಒಂದು ಕಿರುಜೀವಿ

ಆನೆ, ಹುಲಿ, ಕಾಡೆಮ್ಮೆಗಳ ಮಾತೆತ್ತಿದರೆ ನಮ್ಮ ತಾಳವಾಡಿ ಸೀಮೆಯ ಶಾಲಾಬಾಲಕನೂ ನಾಲ್ಕು ಸಂಗತಿಗಳನ್ನು ಹೇಳಬಲ್ಲನು. ಕಾಡುಪಾಪದ ವಿಷಯ ಕೇಳಿದರೆ ಹಿರಿಯರೂ ಸುಮ್ಮನಾಗುವುದುಂಟು. ಇರುಳಿನಲ್ಲಿ ಸಂಚರಿಸಿ ಹಗಲೆಲ್ಲ ಮುಳ್ಳುಪೊದೆಯಲ್ಲಿ ಮುದುಡಿ ಮಲಗುವ ಪ್ರಾಣಿಯನ್ನು ಕಂಡವರು ಕಡಿಮೆ. ಕಾಣದ ಪ್ರಾಣಿ ಕಣ್ಮರೆಯಾದರೆ ಅದನ್ನು ಗಮನಿಸುವವರೂ ಇರುವುದಿಲ್ಲ. ಆದುದರಿಂದ ಇದರ ವಿಷಯವಾಗಿ ನಾಲ್ಕು ಮಾತು ಬರೆಯುವುದು ಉಚಿತವೆಂದು ಭಾವಿಸಿದ್ದೇವೆ.

ಮೊದಲು ಹೆಸರನ್ನು ನೋಡೋಣ. ಕನ್ನಡಿಗರು ಇದನ್ನು ಕಾಡುಪಾಪವೆನ್ನುತ್ತಾರೆ. ತಮಿಳರು ತೇವಾಂಗು ಎನ್ನುತ್ತಾರೆ. ತೆಲುಗರು ದೇವಾಂಗಪಿಲ್ಲಿ ಎನ್ನುತ್ತಾರೆ. ನಮ್ಮ ಹೆಸರಿನಲ್ಲಿರುವ ‘ಪಾಪ’ ಎಂಬುದು ಎಳೆಗೂಸು. ದುಂಡಗಿನ ದೊಡ್ಡ ಕಣ್ಣುಗಳನ್ನೂ ಬೆರಳುಳ್ಳ ಪುಟ್ಟ ಕೈಗಳನ್ನೂ ಕಂಡವರು ಇಟ್ಟ ಅಕ್ಕರೆಯ ಹೆಸರದು. ಹಾಗಿದ್ದೂ ಅದೇ ಕಣ್ಣುಗಳಿಗೆ ಮಾಟದ ಶಕ್ತಿಯುಂಟೆಂದು ನಂಬಿ ಈ ಪ್ರಾಣಿಯನ್ನು ಹಿಡಿದು ಹಿಂಸಿಸಿದವರೂ ನಮ್ಮ ನಾಡುಗಳಲ್ಲಿಯೇ ಇದ್ದಾರೆ.

ಕಾಡುಪಾಪವು ಮಂಗ, ಮುಸುವ ಹಾಗೂ ಮನುಷ್ಯರನ್ನು ಒಳಗೊಂಡ ಪ್ರೈಮೇಟ್ ಗಣಕ್ಕೆ ಸೇರಿದುದು. ಇದರ ದೂರದ ಬಂಧುಗಳಾದ ಲೀಮರ್‌ಗಳು ಮಡಗಾಸ್ಕರ್ ದ್ವೀಪದಲ್ಲಿವೆ. ಹತ್ತಿರದ ಬಂಧುವಾದ ಕೆಂಪು ಕಾಡುಪಾಪವು ಸಿಂಹಳದ್ದು. ಅದು ಇಂದು ಅಳಿವಿನಂಚಿಗೆ ಬಂದಿದೆ. ನಮ್ಮ ದೇಶದ ಬೂದುಬಣ್ಣದ ಕಾಡುಪಾಪಕ್ಕೆ ಅಷ್ಟು ಕೇಡು ಇನ್ನೂ ಬಂದಿಲ್ಲವಾದರೂ ಅಪಾಯದ ಸಮೀಪದಲ್ಲಿರುವ ಜೀವಿಗಳ ಸಾಲಿನಲ್ಲಿ ಅದನ್ನು ಎಣಿಸಿದ್ದಾರೆ. ಇದರ ತೂಕ ಕಾಲು ಕಿಲೋಗ್ರಾಮಿನ ಆಸುಪಾಸು. ಹೊರಗೆ ಕಾಣುವ ಬಾಲವಿಲ್ಲ. ಇರುವೆ, ಗೆದ್ದಲು, ಜೀರುಂಡೆ, ಪತಂಗಗಳೇ ಮುಖ್ಯ ಆಹಾರ. ಬೆಳೆಯ ಕೀಟಗಳನ್ನೂ ತಿನ್ನುವುದರಿಂದ ಇದನ್ನು ರೈತನ ನೆರವಿಗನೆಂದರೆ ತಪ್ಪಾಗದು. ಗರ್ಭಧಾರಣೆಯ ಕಾಲ ಸುಮಾರು ಐದೂವರೆ ತಿಂಗಳು. ಒಂದು ಸೂಲಿಗೆ ಒಂದು ಅಥವಾ ಎರಡೇ ಮರಿ. ಇಷ್ಟು ನಿಧಾನವಾಗಿ ಹೆಚ್ಚುವ ಜೀವಿಗೆ ಒಮ್ಮೆ ಆದ ನಷ್ಟ ಬೇಗ ತುಂಬಿಬರುವುದಿಲ್ಲ.

ಇದರ ನಡಿಗೆಯಲ್ಲಿಯೇ ಇದರ ಕಷ್ಟದ ಮೂಲವಿದೆ. ಕಾಡುಪಾಪವು ಮಂಗದಂತೆ ನೆಗೆಯಲಾರದು. ಒಂದು ಕೊಂಬೆಯನ್ನು ಬಿಗಿಯಾಗಿ ಹಿಡಿದು, ಮೈಚಾಚಿ ಮುಂದಿನದನ್ನು ನಿಲುಕಿಕೊಂಡ ಮೇಲೆಯೇ ಹಿಂದಿನದನ್ನು ಬಿಡುತ್ತದೆ. ಕೊಂಬೆಗೆ ಕೊಂಬೆ ತಾಗಿರುವವರೆಗೆ ಅದಕ್ಕೆ ದಾರಿಯುಂಟು. ನಡುವೆ ಅಂತರ ಬಿದ್ದರೆ ನೆಲಕ್ಕಿಳಿಯಬೇಕು. ಅಲ್ಲಿ ನಾಯಿಯ ಬಾಯಿಗೋ ವಾಹನದ ಗಾಲಿಗೋ ಸಿಕ್ಕೀತು. ಕೊಂಬೆಯೆಂದು ವಿದ್ಯುತ್ತಿನ ತಂತಿ ಹಿಡಿದು ಸಾಯುವುದೂ ಉಂಟು. ಕಾಡನ್ನು ಪೂರ್ತಿ ಕಡಿಯಬೇಕಾಗಿಲ್ಲ. ಅಲ್ಲಲ್ಲಿ ತುಂಡರಿಸಿದರೂ ಈ ಪ್ರಾಣಿಗೆ ಕಾಡು ಕುಗ್ಗಿದಂತೆಯೇ.

ಮೈಸೂರು ಸೀಮೆಯಿಂದ ತಮಿಳುನಾಡಿನ ಒಣನಾಡಿನವರೆಗೆ ಹರಡಿದ ಇದರ ವಾಸಪ್ರದೇಶದ ನಡುವೆಯೇ ನಮ್ಮ ತಾಳಮಲೆಯಿದೆ. ಇಲ್ಲಿನ ಕಾಡಿಗೆ ಕಾನೂನಿನ ರಕ್ಷೆ ದೊರೆತಿದೆ. ಸತ್ಯಮಂಗಲ ಅರಣ್ಯವು 2008ರಲ್ಲಿ ವನ್ಯಧಾಮವಾಗಿ, 2011ರಲ್ಲಿ ವಿಸ್ತಾರಗೊಂಡು, 2013ರಲ್ಲಿ ಹುಲಿ ರಕ್ಷಿತಾರಣ್ಯವೆನಿಸಿತು. ಅದರ ವಿಸ್ತೀರ್ಣ ಸುಮಾರು 1,400 ಚದರ ಕಿಲೋಮೀಟರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡುಪಾಪವನ್ನು ಮೊದಲ ಅನುಸೂಚಿಯಲ್ಲಿರಿಸಿದೆ. 2022ರಲ್ಲಿ ತಮಿಳುನಾಡು ಸರಕಾರವು ಕರೂರು, ದಿಂಡಿಗಲ್ ಜಿಲ್ಲೆಗಳ ಕಡವೂರು ಪ್ರದೇಶದಲ್ಲಿ 11,806 ಹೆಕ್ಟೇರು ಕಾಡನ್ನು ಕಾಡುಪಾಪಕ್ಕೆಂದೇ ಮೀಸಲಿಟ್ಟಿತು. ದೇಶದಲ್ಲಿ ಇಂಥದು ಇದೇ ಮೊದಲು.

ಆದರೆ ಕಾಡುಪಾಪವು ರಕ್ಷಿತಾರಣ್ಯದ ಗಡಿಕಲ್ಲನ್ನು ಅರಿಯದು. ಹೊಲದಂಚಿನ ಜಾಲಿ, ಹುಣಸೆಮರ, ಮುಳ್ಳುಬೇಲಿಗಳೂ ಅದಕ್ಕೆ ಮನೆಯೇ. ಹಳೆಯ ಹಸಿರುಬೇಲಿಯನ್ನು ಕಿತ್ತು ತಂತಿಬೇಲಿ ಹಾಕಿದಾಗ ಯಾವ ಕಾಯಿದೆಯೂ ಮುರಿದಂತಾಗುವುದಿಲ್ಲ. ಒಂದು ದಾರಿ ಮಾತ್ರ ಕಡಿದುಹೋಗುತ್ತದೆ. ರೈತನನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ಆನೆ ಹಂದಿಗಳ ಕಾಟದಿಂದ ಬೆಳೆ ಕಾಯುವುದು ಅವನಿಗೆ ಬದುಕಿನ ಪ್ರಶ್ನೆ. ತಂತಿಬೇಲಿ ಬೇಕಾದ ಕಡೆಯೂ ಒಳಬದಿಯಲ್ಲಿ ಗಿಡಮರಗಳ ಒಂದು ಸಾಲನ್ನು ಉಳಿಸಿಕೊಳ್ಳಬಹುದೆಂಬುದನ್ನು ಅವನಿಗೆ ತಿಳಿಸುವವರು ಬೇಕು.

ಆ ಕೆಲಸಕ್ಕೆ ಅಧ್ಯಾಪಕರಿಗಿಂತ ತಕ್ಕವರಿಲ್ಲ. ತುಮಕೂರು ಜಿಲ್ಲೆಯ ನಾಗವಲ್ಲಿಯಲ್ಲಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರೊಬ್ಬರು ವಿದ್ಯಾರ್ಥಿಗಳೊಡನೆ ಊರಿನ ಕಾಡುಪಾಪಗಳನ್ನು ಗುರುತಿಸತೊಡಗಿದ್ದರಿಂದ ಆ ಗ್ರಾಮದ ಹೆಸರು ಪ್ರಾಣಿಶಾಸ್ತ್ರಜ್ಞರವರೆಗೆ ಮುಟ್ಟಿತು. ನಮ್ಮಲ್ಲಿಯೂ ಇದು ಅಸಾಧ್ಯವಲ್ಲ. ಹಿರಿಯರಿಂದ, ಸೋಲಿಗರಿಂದ, ಊರಾಳಿಗಳಿಂದ ಈ ಪ್ರಾಣಿಯ ಹೆಸರನ್ನೂ ನಂಬಿಕೆಗಳನ್ನೂ ಕೇಳಿ ಮಕ್ಕಳು ಬರೆದಿಡಲಿ. ಅದು ಭಾಷಾಸಂಶೋಧನೆಯೂ ಹೌದು. ಯಾವ ಬೇಲಿಯಲ್ಲಿ, ಯಾವ ಮರದಲ್ಲಿ, ಯಾವ ತಿಂಗಳಲ್ಲಿ ಕಂಡಿತೆಂದು ಊರವರ ಮಾತಿನಿಂದ ಗುರುತು ಮಾಡಲಿ. ರಾತ್ರಿ ನೋಡುವ ಪ್ರಸಂಗ ಬಂದರೆ ಹಿರಿಯರ ಜೊತೆಯಲ್ಲಿ, ಊರಂಚಿನಲ್ಲಿಯೇ ನಿಂತು, ಬ್ಯಾಟರಿ ದೀಪಕ್ಕೆ ಕೆಂಪು ಹಾಳೆ ಕಟ್ಟಿ ನೋಡಬೇಕು. ಬಿಳಿ ಬೆಳಕು ಆ ಕಣ್ಣುಗಳಿಗೆ ಹಿಂಸೆ. ಮುಟ್ಟುವುದಾಗಲಿ ಹಿಡಿಯುವುದಾಗಲಿ ಕೂಡದು. ಗಾಯಗೊಂಡದ್ದು ಸಿಕ್ಕಿದರೆ ಅರಣ್ಯ ಇಲಾಖೆಗೆ ತಿಳಿಸಬೇಕು.

ಗಡಿನಾಡಿನವರಾದ ನಮಗೆ ಸಂಖ್ಯೆಯಲ್ಲಿ ಕಿರಿದಾದುದರ ಅಳಲು ಹೊಸತಲ್ಲ. ನುಡಿಯೊಂದು ಮನೆಯಿಂದ ಮನೆಗೆ, ಶಾಲೆಯಿಂದ ಶಾಲೆಗೆ ಸಾಗುವ ದಾರಿ ಮುರಿಯದಿರುವಷ್ಟು ಕಾಲ ಬಾಳುತ್ತದೆ. ಕಾಡುಪಾಪಕ್ಕೂ ಬೇಕಾದದ್ದು ಕೊಂಬೆಯಿಂದ ಕೊಂಬೆಗೆ ಮುರಿಯದ ಒಂದು ದಾರಿ. ಅದನ್ನು ಉಳಿಸಿಕೊಡುವುದು ನಮ್ಮ ಕೈಮೀರಿದ ಕಾರ್ಯವೇನೂ ಅಲ್ಲ.