ದೂರುವುದೂ ದೂರು ಕೊಡುವುದೂ

ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯನ್ನು ಕೇಳದವರು ನಮ್ಮ ವಾಚಕರಲ್ಲಿ ಇರಲಾರರು. ವಿಧವೆಗೆ ಮಾಸಾಶನ ಸಲ್ಲತಕ್ಕದ್ದೆಂದು ಸರ್ಕಾರವು ವಿಧಿಸಿರುವುದು; ಆದರೆ ಆಕೆಯ ಅರ್ಜಿಯು ಕಚೇರಿಯಲ್ಲಿ ಮೇಜಿನಿಂದ ಮೇಜಿಗೆ ಸಾಗುವಷ್ಟರಲ್ಲಿ ಎಷ್ಟೋ ವೇಳೆ ತಿಂಗಳುಗಳು ಉರುಳುವುವು. ಮನೆಯ ಖಾತೆ, ಜಾತಿಯ ಪ್ರಮಾಣಪತ್ರ, ಪಡಿತರ ಚೀಟಿ ಇವುಗಳ ಕಥೆಯೂ ಹಲವೆಡೆ ಇದೇ. ಆಗ ನಾವು ಮಾಡುವುದೇನು? ಜಗಲಿಯ ಮೇಲೆ ಕುಳಿತು ಕಾಲವನ್ನೂ ಕಚೇರಿಯನ್ನೂ ದೂರುತ್ತೇವೆ. ದೂರುವುದು ಬೇರೆ, ದೂರು ಕೊಡುವುದು ಬೇರೆ. ಮೊದಲನೆಯದು ಗಾಳಿಯಲ್ಲಿ ಹೋಗುವುದು. ಎರಡನೆಯದಕ್ಕೆ ಉತ್ತರ ಹೇಳಲು ಒಬ್ಬರು ಬಾಧ್ಯರಾಗುವರು.

ಪ್ರಜೆಯ ಅಹವಾಲನ್ನು ಕೇಳುವ ಪದ್ಧತಿಯು ನಮ್ಮ ನಾಡಿಗೆ ಹೊಸದಲ್ಲ. 1881ರಲ್ಲಿ, ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, ಮೈಸೂರಿನ ಪ್ರಜಾಪ್ರತಿನಿಧಿ ಸಭೆಯು ಸ್ಥಾಪಿತವಾಯಿತು. ದಸರೆಯ ಸಮಯದಲ್ಲಿ ಪ್ರತಿನಿಧಿಗಳು ದಿವಾನರ ಮುಂದೆ ತಮ್ಮ ಸೀಮೆಯ ಕೊರತೆಗಳನ್ನು ಬಿನ್ನವಿಸಿಕೊಳ್ಳುತ್ತಿದ್ದರು. ಕಾನೂನು ಮಾಡುವ ಅಧಿಕಾರವು ಆಗ ಆ ಸಭೆಗೆ ಇರಲಿಲ್ಲ. ಆದರೂ ಪ್ರಜೆಯು ಕೇಳಬಹುದು, ಸರ್ಕಾರವು ಹೇಳಬೇಕು ಎಂಬ ಭಾವನೆಗೆ ಅಲ್ಲಿ ನೆಲೆ ದೊರೆಯಿತು.

ಆದರೆ ಅಧಿಕಾರಿಯ ಮೇಲಣ ದೂರನ್ನು ಅಧಿಕಾರಿಗಳೇ ವಿಚಾರಿಸಿದರೆ ನಿಷ್ಪಕ್ಷಪಾತವಾದ ತೀರ್ಮಾನ ದೊರೆವುದೆಂತು? ಈ ತೊಡಕಿಗೆ ಸ್ವೀಡನ್ ದೇಶದವರು 1809ರ ತಮ್ಮ ರಾಜ್ಯಘಟನೆಯಲ್ಲಿ ಪರಿಹಾರವನ್ನು ಕಂಡರು. ಅರಸನಿಗೂ ಮಂತ್ರಿಗಳಿಗೂ ಅಧೀನನಲ್ಲದ, ಪಾರ್ಲಿಮೆಂಟಿನಿಂದಲೇ ಆಯ್ಕೆ ಹೊಂದುವ ಒಬ್ಬ ವಿಚಾರಕನನ್ನು ನೇಮಿಸಿ, ಅವನನ್ನು ಓಂಬುಡ್ಸ್‌ಮನ್, ಎಂದರೆ ಪ್ರತಿನಿಧಿ, ಎಂದು ಕರೆದರು. 20ನೆಯ ಶತಮಾನದಲ್ಲಿ ಫಿನ್ಲೆಂಡ್, ಡೆನ್ಮಾರ್ಕ್, ನ್ಯೂಜಿಲೆಂಡ್ ದೇಶಗಳು ಇದನ್ನು ಅನುಸರಿಸಿದುವು. ಭಾರತದಲ್ಲಿ ಆಡಳಿತ ಸುಧಾರಣಾ ಆಯೋಗವು 1966ರಲ್ಲಿ, ಕೇಂದ್ರಕ್ಕೆ ಲೋಕಪಾಲರೂ ರಾಜ್ಯಗಳಿಗೆ ಲೋಕಾಯುಕ್ತರೂ ಬೇಕೆಂದು ಸೂಚಿಸಿತು. ಕರ್ನಾಟಕದ ಲೋಕಾಯುಕ್ತ ಕಾಯಿದೆಯು 1984ರದು. ಅದು 1986ರಲ್ಲಿ ಜಾರಿಗೆ ಬಂದಿತು.

ಈಗ ಗೃಹಸ್ಥನು ಯಾವ ಬಾಗಿಲನ್ನು ತಟ್ಟಬೇಕೆಂಬುದನ್ನು ನೋಡೋಣ. ಕೆಲಸವು ಕೇವಲ ತಡವಾಗಿದ್ದರೆ ಸಕಾಲ ವ್ಯವಸ್ಥೆಯು ಹತ್ತಿರದ ದಾರಿ. 2011ರ ಶಾಸನದಂತೆ 2012ರಲ್ಲಿ ರಾಜ್ಯದಲ್ಲೆಲ್ಲ ಆರಂಭವಾದ ಇದರಲ್ಲಿ ಒಂದೊಂದು ಸೇವೆಗೂ ಗಡುವು ಗೊತ್ತಾಗಿದೆ. ಅರ್ಜಿದಾರನಿಗೆ 15 ಅಂಕಿಗಳ ಸಂಖ್ಯೆಯುಳ್ಳ ಸ್ವೀಕೃತಿಯನ್ನು ಕೊಡತಕ್ಕದ್ದು. ಗಡುವು ಮೀರಿದರೆ ಮೇಲ್ಮನವಿಗೆ ಅವಕಾಶವುಂಟು. ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ, ಪರಿಹಾರವನ್ನೂ ಕೇಳಬಹುದು. ಅರ್ಜಿಯು ಎಲ್ಲಿ ನಿಂತಿದೆಯೆಂದೇ ತಿಳಿಯದಿದ್ದರೆ, 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ 10 ರೂಪಾಯಿ ಕೊಟ್ಟು ಕೇಳಿದಲ್ಲಿ 30 ದಿನಗಳೊಳಗಾಗಿ ಉತ್ತರ ಬರತಕ್ಕದ್ದು.

ಅನ್ಯಾಯವೋ ಲಂಚವೋ ನಡೆದಿದ್ದರೆ ಲೋಕಾಯುಕ್ತರಲ್ಲಿಗೆ ಹೋಗಬೇಕು. ಕಾಯಿದೆಯು ಕುಂದುಕೊರತೆಯನ್ನೂ ಆಪಾದನೆಯನ್ನೂ ಬೇರ್ಪಡಿಸಿದೆ. ದುರಾಡಳಿತದಿಂದ ತನಗಾದ ಹಾನಿಯು ಕುಂದುಕೊರತೆ. ವಿಷಯವು ತಿಳಿದ 6 ತಿಂಗಳೊಳಗೆ ಇದನ್ನು ಹೇಳಿಕೊಳ್ಳಬೇಕು. ಅಧಿಕಾರದ ದುರುಪಯೋಗ, ಲಂಚ ಮೊದಲಾದುವು ಆಪಾದನೆ. ಇದಕ್ಕೆ 5 ವರ್ಷಗಳ ಅವಧಿಯಿದೆ. ದೂರಿನೊಡನೆ ಪ್ರಮಾಣಪತ್ರವನ್ನು ಲಗತ್ತಿಸಬೇಕು. ಬೇಕೆಂದೇ ಸುಳ್ಳು ದೂರು ಕೊಡುವುದು ಶಿಕ್ಷಾರ್ಹವಾದುದರಿಂದ ದ್ವೇಷ ಸಾಧಿಸುವವರಿಗೆ ಇದು ದಾರಿಯಲ್ಲ.

ಈ ಸಂಸ್ಥೆಯ ಬಲವೆಷ್ಟೆಂಬುದನ್ನೂ ಅರಿತಿರಬೇಕು. ವಿಚಾರಣೆಯ ಕೊನೆಯಲ್ಲಿ ಲೋಕಾಯುಕ್ತರು ಸಾಮಾನ್ಯವಾಗಿ ವರದಿಯನ್ನೂ ಶಿಫಾರಸನ್ನೂ ಕಳುಹಿಸುವರು. ಕ್ರಮ ಕೈಕೊಳ್ಳುವುದು ಸರ್ಕಾರದ ಕೈಯಲ್ಲಿದೆ. ಆದರೆ ಬೆಳಕಿಗೆ ಬಂದ ವರದಿಯ ತೂಕ ಸಾಮಾನ್ಯವಲ್ಲ. 2011ರ ಜುಲೈಯಲ್ಲಿ ನ್ಯಾಯಮೂರ್ತಿ ಸಂತೋಷ ಹೆಗ್ಡೆ ಅವರು ಅಕ್ರಮ ಗಣಿಗಾರಿಕೆಯ ವರದಿಯನ್ನು ಒಪ್ಪಿಸಿದ ಕೆಲವೇ ದಿನಗಳಲ್ಲಿ ಅಂದಿನ ಮುಖ್ಯಮಂತ್ರಿಗಳು ರಾಜೀನಾಮೆಯಿತ್ತರು. 2016ರಲ್ಲಿ ಸರ್ಕಾರವು ಭ್ರಷ್ಟಾಚಾರ ನಿಗ್ರಹ ದಳವೆಂಬ ಬೇರೊಂದು ಪಡೆಯನ್ನು ಕಟ್ಟಿದಾಗ ಲೋಕಾಯುಕ್ತ ಪೊಲೀಸರ ಅಧಿಕಾರವು ಕುಗ್ಗಿತು. ಅದನ್ನು ಪ್ರಶ್ನಿಸಿದವರ ಅರ್ಜಿಗಳ ಮೇಲೆ 2022ರಲ್ಲಿ ಹೈಕೋರ್ಟು ಆ ದಳವನ್ನು ರದ್ದುಗೊಳಿಸಿ, ಅಧಿಕಾರವನ್ನು ಹಿಂದಿರುಗಿಸಿತು. ದೂರನ್ನು ಕೇಳುವ ಸಂಸ್ಥೆಯು ತನ್ನ ಬಲವನ್ನು ಮರಳಿ ಪಡೆದುದೂ ದೂರಿನಿಂದಲೇ ಎಂಬುದು ಗಮನಾರ್ಹವಾದುದು.

ಆದಕಾರಣ ನಾವು ಗೃಹಸ್ಥರಿಗೆ ಸೂಚಿಸುವುದಿಷ್ಟೇ. ಕೊಟ್ಟ ಅರ್ಜಿಯ ನಕಲನ್ನೂ ಸ್ವೀಕೃತಿಯನ್ನೂ ಮನೆಯ ಪತ್ರಗಳೊಡನೆ ಜೋಪಾನವಾಗಿರಿಸಿರಿ. ಹೋದ ದಿನ, ಕಂಡ ಅಧಿಕಾರಿಯ ಹುದ್ದೆ, ಅವರು ಹೇಳಿದ ಮಾತು ಇವನ್ನು ಆಗಲೇ ಬರೆದಿಡಿರಿ. ದೂರಿನಲ್ಲಿ ಬೈಗುಳ ಬೇಡ. ನಡೆದುದನ್ನು ತಾರೀಖಿನ ಕ್ರಮದಲ್ಲಿ ಬರೆದು, ಬೇಕಾದ ಪರಿಹಾರವನ್ನು ಒಂದು ವಾಕ್ಯದಲ್ಲಿ ಕೇಳಿದರೆ ಸಾಕು. ಓದು ಬರಹ ಬಾರದ ನೆರೆಯವರಿಗೆ ಒಂದು ಅರ್ಜಿಯನ್ನು ಬರೆದುಕೊಡುವುದೂ ವಿದ್ಯಾವಂತರ ಧರ್ಮ. ನ್ಯಾಯವಾದ ಒಂದು ದೂರು ಒಬ್ಬಳು ವಿಧವೆಗೆ ಮಾಸಾಶನವನ್ನು ದೊರಕಿಸಿದರೆ, ಆಕೆಯ ಹಿಂದೆ ಅದೇ ಕಿಟಕಿಯ ಮುಂದೆ ನಿಂತಿರುವವರ ದಾರಿಯೂ ಸುಗಮವಾಗುವುದು.