ಆಪರೇಷನ್ ಆದ ಗಂಡು ಬೆಕ್ಕು ಮತ್ತೆ ಹೆಣ್ಣಿನ ಹಿಂದೆ ಹೋದರೆ ಆಪರೇಷನ್ ಫೇಲ್ ಆಗಿದೆಯೇ?

"ಬೀಜ ತೆಗೆಸಿದ ಮೇಲೂ ಗಂಡು ಬೆಕ್ಕು ಹೆಣ್ಣಿನ ಮೇಲೆ ಏರಿತು ಅಂದರೆ ಡಾಕ್ಟರ್ ಸರಿಯಾಗಿ ಆಪರೇಷನ್ ಮಾಡಿಲ್ಲ ಅಂತಲೇ ಅರ್ಥ." ತುಮಕೂರಿನ ಬಡಾವಣೆಗಳಲ್ಲಿರಲಿ, ಗುಬ್ಬಿ, ಕುಣಿಗಲ್ ಕಡೆಯ ತೋಟದ ಮನೆಗಳಲ್ಲಿರಲಿ, ಕೊತ್ತಿ ಸಾಕಿದವರು ಈ ಮಾತನ್ನು ಒಮ್ಮೆಯಾದರೂ ಕೇಳಿರುತ್ತೀರಿ. ಇದನ್ನು ನಂಬಿದವರು ಡಾಕ್ಟರ್ ಜತೆ ಜಗಳವಾಡಿ ಸುಮ್ಮನಾದರೆ ಪರವಾಗಿಲ್ಲ. ಎಷ್ಟೋ ಸಲ ಬೆಕ್ಕನ್ನೇ ಗೋಣಿಚೀಲಕ್ಕೆ ಹಾಕಿ ಊರಾಚೆ ಬಿಟ್ಟು ಬರುತ್ತಾರೆ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ, ಅದನ್ನು ಕೊನೆಗೆ ಹೇಳುತ್ತೇನೆ.

ಮೊದಲು ಆಪರೇಷನ್ ಎಂದರೇನು ನೋಡೋಣ. ಮನುಷ್ಯರಿಗೆ ಮಾಡುವ ವ್ಯಾಸೆಕ್ಟಮಿಯಲ್ಲಿ ವೀರ್ಯನಾಳವನ್ನು ಮಾತ್ರ ಕತ್ತರಿಸುತ್ತಾರೆ. ಬೆಕ್ಕಿಗೆ ಹಾಗಲ್ಲ, ಎರಡೂ ಬೀಜಗಳನ್ನೇ ತೆಗೆಯುತ್ತಾರೆ. ಹೊರಗಿನ ಚರ್ಮದ ಚೀಲ ಮಾತ್ರ ಉಳಿಯುತ್ತದೆ. ಕೆಲವು ದಿನ ಅದು ಊದಿಕೊಂಡಿರುವುದರಿಂದ "ಬೀಜ ಹಾಗೇ ಇದೆಯಲ್ಲ" ಎಂದು ಅನುಮಾನ ಬರುವುದುಂಟು. ಬೀಜ ಹೋದ ಮೇಲೆ ಟೆಸ್ಟೋಸ್ಟಿರಾನ್ ಹಾರ್ಮೋನು ರಕ್ತದಲ್ಲಿ ಒಂದೆರಡು ದಿನಗಳಲ್ಲೇ ತೀರಾ ಇಳಿದುಬಿಡುತ್ತದೆ.

ಹಾರ್ಮೋನು ಇಳಿದಷ್ಟು ಬೇಗ ನಡವಳಿಕೆ ಇಳಿಯುವುದಿಲ್ಲ. ಗೊಂದಲವೆಲ್ಲ ಹುಟ್ಟುವುದು ಇಲ್ಲಿಯೇ. 1958ರಲ್ಲಿ ಅಮೆರಿಕದ ಜೇ ರೋಸೆನ್‌ಬ್ಲಾಟ್ ಮತ್ತು ಲೆಸ್ಟರ್ ಆರಾನ್‌ಸನ್ ಎಂಬ ವಿಜ್ಞಾನಿಗಳು ಇದರ ಬಗ್ಗೆಯೇ ಒಂದು ಅಧ್ಯಯನ ಪ್ರಕಟಿಸಿದರು. ಆಪರೇಷನ್‌ಗೆ ಮುಂಚೆ ಹೆಣ್ಣು ಬೆಕ್ಕಿನ ಜತೆ ಕೂಡಿ ಅನುಭವವಿದ್ದ ಗಂಡುಗಳಲ್ಲಿ ಕೆಲವು, ಬೀಜ ತೆಗೆದ ಮೇಲೂ ಬಹಳ ಕಾಲ ಹೆಣ್ಣಿನ ಮೇಲೆ ಏರುತ್ತಿದ್ದವು. ಅನುಭವವೇ ಇಲ್ಲದೆ ಆಪರೇಷನ್ ಆದವುಗಳಲ್ಲಿ ಈ ವರ್ತನೆ ಹೆಚ್ಚುಕಡಿಮೆ ಕಾಣಲೇ ಇಲ್ಲ. ಅಂದರೆ ಹಾರ್ಮೋನು ಚಾಲೂ ಮಾಡಿದ ಕೆಲಸವನ್ನು ಮಿದುಳು ಕಲಿತುಕೊಂಡಿರುತ್ತದೆ, ಆ ಕಲಿಕೆಯನ್ನು ಕತ್ತರಿಯಿಂದ ತೆಗೆಯಲಾಗುವುದಿಲ್ಲ.

ನಮ್ಮ ಜಿಲ್ಲೆಯವರಿಗೆ ಇದು ಹೊಸ ವಿಷಯವೂ ಅಲ್ಲ. ಹಳ್ಳಿಕಾರ್ ಹೋರಿ ಸಾಕಿದವರನ್ನು ಕೇಳಿ: ಬೀಜ ಒಡೆಸಿ ಎತ್ತು ಮಾಡಿದ ಮೇಲೂ ಒಂದೊಂದು ಎತ್ತು ಬೆದೆಗೆ ಬಂದ ಹಸುವನ್ನು ಮೂಸಿಕೊಂಡು ಹೋಗುತ್ತದೆ. ಹೈದರ್, ಟಿಪ್ಪು ಕಾಲದಿಂದ ಕುದುರೆಗೆ ಹೆಸರಾದ ಊರು ಕುಣಿಗಲ್; ಕುದುರೆಯ ಲೆಕ್ಕವೂ ಹೀಗೇ ಇದೆ. ಬೀಜ ತೆಗೆದ ಕುದುರೆಗಳಲ್ಲಿ ಶೇ. 20ರಿಂದ 30ರಷ್ಟು ಗಂಡು ಕುದುರೆಯಂಥ ವರ್ತನೆಯನ್ನು ಉಳಿಸಿಕೊಂಡಿದ್ದವು ಎಂದು 1985ರ ಒಂದು ಅಮೆರಿಕನ್ ಅಧ್ಯಯನ ಹೇಳುತ್ತದೆ. ಎತ್ತನ್ನು ಕಂಡು ಯಾರೂ "ಫೇಲ್" ಅನ್ನುವುದಿಲ್ಲ, ಬೆಕ್ಕಿಗೆ ಮಾತ್ರ ಆ ಪಟ್ಟ.

ಹಾಗಾದರೆ ಆಪರೇಷನ್‌ನಿಂದ ಪ್ರಯೋಜನವೇನು? ಬಹಳ ಇದೆ. ಕ್ಯಾಲಿಫೋರ್ನಿಯಾದ ಬೆಂಜಮಿನ್ ಹಾರ್ಟ್ ಮತ್ತು ಸಂಗಡಿಗರು 1973ರಲ್ಲಿ ವರದಿ ಮಾಡಿದಂತೆ, ಬೆಳೆದ ಗಂಡು ಬೆಕ್ಕುಗಳಿಗೆ ಆಪರೇಷನ್ ಮಾಡಿಸಿದಾಗ ಹತ್ತರಲ್ಲಿ ಸುಮಾರು ಒಂಬತ್ತರಲ್ಲಿ ಅಲೆದಾಟ, ಕಾದಾಟ, ಗೋಡೆಗೆ ಮೂತ್ರ ಚಿಮ್ಮಿಸುವುದು ಕಡಿಮೆಯಾಯಿತು. ಕೆಲವಕ್ಕೆ ಬೇಗ, ಕೆಲವಕ್ಕೆ ತಿಂಗಳುಗಟ್ಟಲೆ ಹಿಡಿಯಿತು. ಉಳಿದ ಆ ಹತ್ತನೆಯ ಬೆಕ್ಕು ನಿಮ್ಮ ಮನೆಯದ್ದೇ ಆಗಿರಬಹುದು.

ಇನ್ನು ಮರಿಗಳ ವಿಷಯ. ಆಪರೇಷನ್‌ಗೆ ಮುಂಚೆಯೇ ನಾಳಗಳಲ್ಲಿ ಸೇರಿದ್ದ ವೀರ್ಯಾಣುಗಳು ಕೆಲವು ವಾರ ಉಳಿದಿರಬಹುದು. ಆದ್ದರಿಂದ ತಿಂಗಳು, ಒಂದೂವರೆ ತಿಂಗಳು ಆಪರೇಷನ್ ಆಗದ ಹೆಣ್ಣಿನಿಂದ ದೂರ ಇಡಿ. ಆಮೇಲೆ ಅದು ಹೆಣ್ಣಿನ ಮೇಲೆ ಏರಿದರೂ ಮರಿ ಆಗುವುದಿಲ್ಲ. "ನಮ್ಮ ಕಣ್ಣೆದುರೇ ಕೂಡಿತು, ಎರಡು ತಿಂಗಳಿಗೆ ಮರಿ ಹಾಕಿತು" ಎನ್ನುವವರು ಒಂದು ಸಂಗತಿ ಗಮನಿಸಬೇಕು: ಒಂದೇ ಬೆದೆಯಲ್ಲಿ ಹೆಣ್ಣು ಬೆಕ್ಕು ಹಲವು ಗಂಡುಗಳ ಜತೆ ಕೂಡುತ್ತದೆ, ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ಅಪ್ಪಂದಿರೂ ಇರುತ್ತಾರೆ. ನೀವು ಕಂಡದ್ದು ನಿಮ್ಮ ಬೆಕ್ಕನ್ನು; ರಾತ್ರಿ ಕಾಂಪೌಂಡ್ ಹಾರಿ ಬಂದದ್ದನ್ನು ಕಂಡಿರಲಿಕ್ಕಿಲ್ಲ.

ನಿಜವಾಗಿಯೂ ಅನುಮಾನಪಡಬೇಕಾದ ಸಂದರ್ಭ ಒಂದಿದೆ. ಕೆಲವು ಬೆಕ್ಕುಗಳಲ್ಲಿ ಒಂದು ಬೀಜ ಕೆಳಗಿಳಿಯದೆ ಹೊಟ್ಟೆಯೊಳಗೋ ತೊಡೆಸಂದಿಯಲ್ಲೋ ಉಳಿದಿರುತ್ತದೆ. ಹೊರಗಿದ್ದ ಒಂದನ್ನು ಮಾತ್ರ ತೆಗೆದಿದ್ದರೆ ಹಾರ್ಮೋನು ಬರುತ್ತಲೇ ಇರುತ್ತದೆ. ತಿಂಗಳುಗಳು ಕಳೆದರೂ ಮೂತ್ರದ ಘಾಟು ಹಾಗೇ ಇದ್ದರೆ ಪಶುವೈದ್ಯರಿಗೆ ತೋರಿಸಿ. ಗಂಡು ಬೆಕ್ಕಿನ ಜನನಾಂಗದ ಮೇಲೆ ಸಣ್ಣ ಮುಳ್ಳುಗಳಿರುತ್ತವೆ, ಟೆಸ್ಟೋಸ್ಟಿರಾನ್ ಹೋದ ಮೇಲೆ ಕೆಲವೇ ವಾರಗಳಲ್ಲಿ ಅವು ಸವೆದುಹೋಗುತ್ತವೆ. ಅವು ಉಳಿದಿವೆಯೇ ಎಂದು ನೋಡಿದರೆ ವೈದ್ಯರಿಗೆ ಸುಳಿವು ಸಿಗುತ್ತದೆ. ವಾಟ್ಸಾಪ್ ಗುಂಪಿನಲ್ಲಿ ಫೋಟೊ ಹಾಕಿ ಕೇಳಿದರೆ ಸಿಗುವ ಉತ್ತರ ಇದಲ್ಲ.

ಅಲೆದಾಟಕ್ಕೆ ಹೆಣ್ಣೊಂದೇ ಕಾರಣವೂ ಅಲ್ಲ. ಇಲಿ, ಪಕ್ಕದ ಮನೆಯ ಮೀನಿನ ವಾಸನೆ, ತನ್ನ ಜಾಗಕ್ಕೆ ಬಂದ ಹೊಸ ಬೆಕ್ಕು, ಪಟಾಕಿಯ ಸದ್ದು, ಯಾವುದಾದರೂ ಸಾಕು. ಬೇಟೆಯಾಡಲು ಟೆಸ್ಟೋಸ್ಟಿರಾನ್ ಬೇಕಿಲ್ಲ, ಹಾಗಾಗಿ "ಆಪರೇಷನ್ ಮಾಡಿಸಿದರೆ ಇಲಿ ಹಿಡಿಯುವುದಿಲ್ಲ" ಎಂಬುದೂ ಸುಳ್ಳು. ಆಪರೇಷನ್ ಆದ ಮೇಲೆ ಹಸಿವು ಹೆಚ್ಚುತ್ತದೆ. ಕೇಳಿದಾಗಲೆಲ್ಲ ಹಾಲು ಅನ್ನ ಹಾಕಿ ದಪ್ಪ ಮಾಡಿದರೆ ಸೋಮಾರಿಯಾಗುತ್ತದೆ, ಅದು ನಮ್ಮ ಕೈಯ ಕೆಲಸ.

ಈಗ ಆ ದೊಡ್ಡ ಅಪಾಯದ ಮಾತು. ಬೆಕ್ಕು ಪದೇ ಪದೇ ಮೂತ್ರಕ್ಕೆ ಕೂರುತ್ತಿದೆ, ಕೂಗುತ್ತಿದೆ, ಹಿಂಭಾಗ ನೆಕ್ಕಿಕೊಳ್ಳುತ್ತಿದೆ. ಮನೆಯವರು "ಇನ್ನೂ ಬೆದೆಯ ಚಾಳಿ ಬಿಟ್ಟಿಲ್ಲ" ಎಂದುಕೊಂಡು ಎರಡು ದಿನ ಸುಮ್ಮನಿರುತ್ತಾರೆ. ವ್ಯತ್ಯಾಸ ಹೀಗೆ ಗುರುತಿಸಿ: ಗುರುತು ಹಾಕುವ ಬೆಕ್ಕು ನಿಂತೇ ಇರುತ್ತದೆ, ಬಾಲ ಎತ್ತಿ ನಡುಗಿಸುತ್ತಾ ಗೋಡೆಗೆ ಚಿಮ್ಮಿಸುತ್ತದೆ, ಆಮೇಲೆ ಆರಾಮವಾಗಿ ಹೋಗುತ್ತದೆ. ಮೂತ್ರ ಕಟ್ಟಿದ ಬೆಕ್ಕು ಕುಕ್ಕರಗಾಲಲ್ಲಿ ಕೂತು ತಿಣುಕುತ್ತದೆ, ಒಂದೆರಡು ಹನಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಪೂರ, ಸಣ್ಣ ಹರಳಿನ ಪುಡಿಯೂ ಅದನ್ನು ಮುಚ್ಚಬಲ್ಲದು. ಮುಚ್ಚಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ, ಎರಡು ಮೂರು ದಿನಗಳಲ್ಲಿ ಹೃದಯವೇ ನಿಲ್ಲಬಹುದು. ವಾಂತಿ ಶುರುವಾಗಿ ಮೂಲೆ ಸೇರಿತೆಂದರೆ ಆಗಲೇ ತಡವಾಗಿದೆ.

ಆಗ ಬಾರ್ಲಿ ನೀರು ಕುಡಿಸಿ ಕಾಯಬೇಡಿ, ಹೊಟ್ಟೆ ಒತ್ತಬೇಡಿ. ನೋವಿಗೆಂದು ಪ್ಯಾರಾಸಿಟಮಾಲ್ ಅಂತೂ ಕೊಡಲೇಬೇಡಿ, ಬೆಕ್ಕಿಗೆ ಅದು ವಿಷ. ಹತ್ತಿರದ ಪಶು ಆಸ್ಪತ್ರೆಗೆ ಅಥವಾ ಖಾಸಗಿ ಪಶುವೈದ್ಯರಿಗೆ ಫೋನ್ ಮಾಡಿ, "ಗಂಡು ಬೆಕ್ಕಿಗೆ ಮೂತ್ರ ಕಟ್ಟಿದೆ, ಕೊಳವೆ ಹಾಕುವ ವ್ಯವಸ್ಥೆ ಇದೆಯೇ" ಎಂದು ಕೇಳಿ. ಇಲ್ಲ ಎಂದರೆ ಗುಬ್ಬಿ, ಕುಣಿಗಲ್‌ನವರು ಬೆಳಗಾಗಲಿ ಎಂದು ಕಾಯದೆ ತುಮಕೂರಿಗೆ ಹೊರಡಿ. ಕೊನೆಯ ಸಲ ಸರಿಯಾಗಿ ಮೂತ್ರ ಮಾಡಿದ್ದು ಯಾವಾಗ ಎಂಬುದು ನೆನಪಿರಲಿ, ವೈದ್ಯರು ಮೊದಲು ಕೇಳುವುದು ಅದನ್ನೇ.