ಶಾಸನಸಭೆಗೆ ಬಂದ ಡಾಕ್ಟರಮ್ಮ

ಪುದುಕ್ಕೋಟೈ ಸಂಸ್ಥಾನ, 1904ನೆಯ ಇಸವಿ. ಮಹಾರಾಜಾ ಕಾಲೇಜಿನ ಮುಂದೆ ಸುತ್ತಲೂ ಮುಚ್ಚಿದ ಗಾಡಿಯೊಂದು ಬಂದು ನಿಲ್ಲುತ್ತದೆ. ಇಳಿದವಳು ಹದಿನೆಂಟರ ಹುಡುಗಿ. ತರಗತಿಯಲ್ಲಿ ಅವಳಿಗೆಂದೇ ಒಂದು ಪರದೆ ಕಟ್ಟಿದ್ದಾರೆ. ಆಚೆಗೆ ಹುಡುಗರ ಸಾಲು ಬೆಂಚುಗಳು, ಈಚೆಗೆ ಅವಳೊಬ್ಬಳೇ. ಮೇಷ್ಟರ ಪಾಠ ಎರಡೂ ಕಡೆಗೆ ಕೇಳಬೇಕು, ಹುಡುಗಿಯ ಮುಖ ಮಾತ್ರ ಹುಡುಗರಿಗೆ ಕಾಣಕೂಡದು.

ಊರು ಗೊಣಗುತ್ತಿತ್ತು. ಹುಡುಗರ ಕಾಲೇಜಿಗೆ ಹೆಣ್ಣು ಬರುವುದೆಂದರೇನು, ಅದರಲ್ಲೂ ಇವಳು! ತಂದೆ ನಾರಾಯಣಸ್ವಾಮಿ ಅಯ್ಯರ್ ಓದಿಸುವ ಹಟದವರು. ತಾಯಿ ಚಂದ್ರಮ್ಮಾಳ್ ದೇವದಾಸಿ ಕುಲದವರು. ಆ ಮದುವೆಗಾಗಿ ಅಯ್ಯರ್ ಬಂಧುಬಳಗವನ್ನೇ ಕಳೆದುಕೊಂಡಿದ್ದರು. ಕೊನೆಗೆ ರಾಜ ಮಾರ್ತಾಂಡ ಭೈರವ ತೊಂಡೈಮಾನ್ ಗೊಣಗಾಟಕ್ಕೆ ಕಿವಿಗೊಡದೆ ಹುಡುಗಿಯನ್ನು ಸೇರಿಸಿಕೊಳ್ಳುವಂತೆ ಹೇಳಿ, ವಿದ್ಯಾರ್ಥಿವೇತನವನ್ನೂ ಕೊಟ್ಟರು. ಹುಡುಗಿಯ ಹೆಸರು ಮುತ್ತುಲಕ್ಷ್ಮಿ.

ಮೂರು ವರ್ಷ ಕಳೆಯುವುದರೊಳಗೆ ಆಕೆ ಮದರಾಸಿನ ಮೆಡಿಕಲ್ ಕಾಲೇಜಿನಲ್ಲಿದ್ದರು. 1912ರಲ್ಲಿ ಪದಕಗಳ ಸಮೇತ ಪದವಿ ಪಡೆದು, ಎಗ್ಮೋರಿನ ಸರ್ಕಾರಿ ಹೆರಿಗೆ ಆಸ್ಪತ್ರೆಗೆ ಮೊದಲ ಮಹಿಳಾ ಹೌಸ್ ಸರ್ಜನ್ ಆಗಿ ಸೇರಿದರು. 1914ರಲ್ಲಿ ಡಾ. ಸುಂದರ ರೆಡ್ಡಿಯವರನ್ನು ಮದುವೆಯಾದರು. ಅದಕ್ಕೂ ಅವರದೊಂದು ಕರಾರಿತ್ತು: ತನ್ನನ್ನು ಸಮಾನಳೆಂದು ಗೌರವಿಸಬೇಕು, ತನ್ನ ಇಷ್ಟಗಳಿಗೆ ಅಡ್ಡ ಬರಬಾರದು. ಸುಂದರ ರೆಡ್ಡಿ ಒಪ್ಪಿದ್ದಷ್ಟೇ ಅಲ್ಲ, ಬದುಕಿನುದ್ದಕ್ಕೂ ಆ ಮಾತನ್ನು ನಡೆಸಿಕೊಟ್ಟರು.

ಹೆರಿಗೆ ವಾರ್ಡಿನಲ್ಲಿ ಡಾಕ್ಟರಿಗೆ ಕಾಣುವುದು ದೇಹದ ನೋವು ಮಾತ್ರವಲ್ಲ. ಇನ್ನೂ ಮಗುವಿನ ಮುಖ ಮಾಸದ ಬಾಣಂತಿ, ಅವಳ ಕೇಸ್‌ಪೇಪರಿನಲ್ಲಿ ವಯಸ್ಸಿನ ಕಾಲಂ, ಹೊರಗೆ ವರಾಂಡದಲ್ಲಿ ತಲೆ ತಗ್ಗಿಸಿ ಕೂತ ತಾಯಿ. ಔಷಧ ಕೊಟ್ಟು ಕಳಿಸಬಹುದು. ಬಾಲ್ಯವಿವಾಹಕ್ಕೆ ಯಾವ ಔಷಧಾಲಯದಲ್ಲಿ ಮದ್ದಿದೆ? ಮುತ್ತುಲಕ್ಷ್ಮಿ ರಾಜಕೀಯಕ್ಕೆ ಬಂದದ್ದು ವಾರ್ಡಿನ ಇಂಥ ಪ್ರಶ್ನೆಗಳನ್ನು ಹೊತ್ತುಕೊಂಡೇ. ಮಹಿಳಾ ಸಂಘದವರು ಶಾಸನಸಭೆಗೆ ಬನ್ನಿ ಎಂದಾಗ, ನನ್ನ ರೋಗಿಗಳನ್ನು ಬಿಟ್ಟು ಹೇಗೆ ಬರಲಿ ಎಂದು ಹಿಂಜರಿದವರು ಅವರು. ಆದರೂ ನಾಮನಿರ್ದೇಶನವಾಯಿತು. 1927ರಲ್ಲಿ ಮದರಾಸು ಶಾಸನ ಪರಿಷತ್ತು ಅವರನ್ನು ಉಪಾಧ್ಯಕ್ಷೆಯಾಗಿ ಆರಿಸಿತು. ಬ್ರಿಟಿಷ್ ಇಂಡಿಯಾದ ಶಾಸನಸಭೆಯೊಂದಕ್ಕೆ ಹೆಣ್ಣೊಬ್ಬಳು ಕಾಲಿಟ್ಟದ್ದು ಅದೇ ಮೊದಲು.

ದೇವದಾಸಿ ಪದ್ಧತಿಯನ್ನು ನಿಲ್ಲಿಸಬೇಕೆಂಬ ನಿರ್ಣಯವನ್ನು ಅವರು ಸಭೆಯಲ್ಲಿಟ್ಟಾಗ ಗದ್ದಲವೆದ್ದಿತು. ಸಂಪ್ರದಾಯ ಎಂದರು, ಧರ್ಮ ಎಂದರು, ಕಲೆ ನಾಶವಾಗುತ್ತದೆ ಎಂದರು. ಸತ್ಯಮೂರ್ತಿಯವರಂಥ ಕಾಂಗ್ರೆಸ್ ನಾಯಕರೇ ಎದುರು ನಿಂತರು. ಮುತ್ತುಲಕ್ಷ್ಮಿಯವರಿಗೆ ಇದು ಪುಸ್ತಕದಲ್ಲಿ ಓದಿ ತಿಳಿದ ಸಂಗತಿಯಾಗಿರಲಿಲ್ಲ, ತಾಯಿಯ ಮನೆಯ ಕಥೆಯಾಗಿತ್ತು. ನೆರೆಯ ಮೈಸೂರು ಸಂಸ್ಥಾನ 1909ರಷ್ಟು ಹಿಂದೆಯೇ ಮುಜರಾಯಿ ದೇವಸ್ಥಾನಗಳಲ್ಲಿ ಗೆಜ್ಜೆಪೂಜೆಯನ್ನು ನಿಲ್ಲಿಸಿದ್ದು ಅವರ ವಾದಕ್ಕೆ ಒದಗಿದ ದೊಡ್ಡ ಬಲ.

ಇಲ್ಲಿ ಅವರ ವೈದ್ಯಬುದ್ಧಿಯನ್ನು ಗಮನಿಸಬೇಕು. ಪದ್ಧತಿ ಉಳಿದಿದ್ದು ಬರೀ ನಂಬಿಕೆಯಿಂದಲ್ಲ, ಜಮೀನಿನಿಂದ. ದೇವಸ್ಥಾನದ ಸೇವೆಗೆಂದು ದಾಸಿಯರಿಗೆ ಇನಾಂ ಭೂಮಿ ಇತ್ತು. ಸೇವೆ ನಿಂತರೆ ಭೂಮಿಯೂ ಹೋಯಿತು. ಹೀಗಾಗಿ ಅನ್ನದ ದಾರಿ ಮುಚ್ಚದಿರಲೆಂದು ತಾಯಿಯೇ ಮಗಳ ಕೊರಳಿಗೆ ತಾಳಿ ಕಟ್ಟಿಸಿ ದೇವರಿಗೆ ಬಿಡಬೇಕಾಗುತ್ತಿತ್ತು. 1929ರಲ್ಲಿ ಮುತ್ತುಲಕ್ಷ್ಮಿ ಮಾಡಿಸಿದ ತಿದ್ದುಪಡಿ ಈ ಗಂಟನ್ನೇ ಬಿಚ್ಚಿತು. ಸೇವೆಯ ಹೊರೆ ಕಳಚಿದರೂ ಭೂಮಿ ಆ ಹೆಂಗಸಿನ ಕೈಯಲ್ಲೇ ಉಳಿಯುವಂತಾಯಿತು. ಭಾಷಣಗಳನ್ನು ಜನ ಮರೆಯುತ್ತಾರೆ. ಆದರೆ ಹೊಲ ಉಳಿಸಿಕೊಂಡ ಒಬ್ಬ ತಾಯಿ ತನ್ನ ಮಗಳನ್ನು ಶಾಲೆಗೆ ಕಳಿಸಬಲ್ಲಳು. ಅವರ ಇಡೀ ರಾಜಕೀಯ ಜೀವನದಲ್ಲಿ ನಾನು ಎಲ್ಲಕ್ಕಿಂತ ಮೇಲೆ ಇಡುವುದು ಈ ಸಣ್ಣ ಕಾಯ್ದೆಯನ್ನು.

ವಿರೋಧ ದಾಸಿಯರ ಒಳಗಿನಿಂದಲೂ ಬಂತು, ಅದರ ಮುಂದಾಳು ನಮ್ಮ ನಂಜನಗೂಡಿನ ಮಗಳು. ಬೆಂಗಳೂರು ನಾಗರತ್ನಮ್ಮ, ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ ಮಹಾಗಾಯಕಿ. ನಾವು ಸಂಗೀತ ನೃತ್ಯಗಳನ್ನು ಕಾಪಾಡಿಕೊಂಡು ಬಂದವರು, ನಮ್ಮನ್ನು ವೇಶ್ಯೆಯರೆಂದು ಕರೆಯಬೇಡಿ ಎಂಬುದು ಅವರ ಕಡೆಯವರ ಮೊರೆ. ಹೆಣ್ಣಿಗೆ ಆಸ್ತಿ ಬರುತ್ತಿದ್ದ, ಹೆಣ್ಣು ಅಕ್ಷರ ಕಲಿಯುತ್ತಿದ್ದ ಕುಲ ಅದು. ಆ ನೋವಿನಲ್ಲಿ ಸತ್ಯವಿತ್ತು. ಅದಕ್ಕೆ ಸಿಗಬೇಕಾದಷ್ಟು ತಾಳ್ಮೆಯ ಉತ್ತರ ಸಿಗಲಿಲ್ಲ. ಕಲೆ ಬೇರೆಯವರ ವೇದಿಕೆ ಹತ್ತಿತು, ಅದನ್ನು ಕಾಪಾಡಿದ ಮನೆತನಗಳು ಹಿಂದೆ ಉಳಿದವು. ಅದೇ ಕುಲದಲ್ಲಿ ಹುಟ್ಟಿದ ಮೂವಲೂರು ರಾಮಾಮೃತಂ ಅಮ್ಮೈಯಾರ್ ಮಾತ್ರ ಊರೂರು ತಿರುಗಿ ಪದ್ಧತಿಯ ವಿರುದ್ಧವೇ ಮಾತಾಡಿದರು. ಏನೂ ಅರಿಯದ ಮಗುವನ್ನು ದೇವರ ಹೆಸರಲ್ಲಿ ಬಿಡಬಾರದೆಂಬ ಒಂದು ಮಾತಿನಲ್ಲಿ ನಾನು ಡಾಕ್ಟರಮ್ಮನ ಪಕ್ಷವೇ.

1930ರಲ್ಲಿ ಗಾಂಧೀಜಿಯ ಬಂಧನವಾದಾಗ ಮುತ್ತುಲಕ್ಷ್ಮಿ ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟರು. ಮಕ್ಕಳನ್ನು ದೇವರಿಗೆ ಬಿಡುವುದನ್ನೇ ತಡೆಯುವ ಮಸೂದೆ ಅಲ್ಲಿಗೆ ನಿಂತಿತು. ಅದು ಕಾಯ್ದೆಯಾಗಿ ಬಂದದ್ದು 1947ರಲ್ಲಿ.

ರಾಜೀನಾಮೆಯ ಆ ದಿನಗಳಲ್ಲೇ ಅವರ ಮನೆಯ ಬಾಗಿಲು ತಟ್ಟಿಕೊಂಡು ದಾಸಿ ಕುಲದ ಹುಡುಗಿಯರು ಬಂದರು. ಆ ಬದುಕು ಬೇಡವೆಂದು ಹೊರಟವರಿಗೆ ಜಾತಿಯ ಹಾಸ್ಟೆಲುಗಳು ಜಾಗ ಕೊಟ್ಟಿರಲಿಲ್ಲ. ಡಾಕ್ಟರಮ್ಮ ಅವರನ್ನು ಒಳಗೆ ಕರೆದುಕೊಂಡರು. ಹಾಗೆ ಮನೆಯಲ್ಲೇ ಶುರುವಾದದ್ದು ಅವ್ವೈ ಇಲ್ಲಂ. ಆಮೇಲೆ ಅದು ಅಡ್ಯಾರಿಗೆ ಹೋಗಿ, ಗತಿಯಿಲ್ಲದ ಹೆಣ್ಣುಮಕ್ಕಳ ಮನೆಯೂ ಶಾಲೆಯೂ ಆಗಿ ಬೆಳೆಯಿತು.

ಇನ್ನೊಂದು ಸಂಕಟವನ್ನು ಅವರು ಬಹುಕಾಲ ಎದೆಯಲ್ಲಿಟ್ಟುಕೊಂಡಿದ್ದರು. 1923ರಲ್ಲಿ ತಂಗಿ ಗುದನಾಳದ ಕ್ಯಾನ್ಸರಿನಿಂದ ತೀರಿಕೊಂಡಿದ್ದಳು. ಮೊದಮೊದಲು ಅದನ್ನು ಆಮಶಂಕೆಯೆಂದೇ ತಿಳಿಯಲಾಗಿತ್ತು. ಕ್ಯಾನ್ಸರಿಗೆಂದೇ ಒಂದು ಆಸ್ಪತ್ರೆ ಬೇಕೆಂದು ಅವರು ಎಷ್ಟೋ ಬಾಗಿಲು ತಟ್ಟಿದರು. ವಾಸಿಯಾಗದ ರೋಗಕ್ಕೆ ದುಡ್ಡು ಸುರಿಯುವುದೇಕೆ ಎಂಬ ಧಾಟಿಯ ಉತ್ತರಗಳೇ ಬಂದವು. ಆಗ ಜನರ ಬಳಿಗೆ ಹೋಗಿ ಚಂದಾ ಎತ್ತಿದರು. 1952ರಲ್ಲಿ ಅಡ್ಯಾರಿನಲ್ಲಿ ನೆಹರೂ ಅಡಿಗಲ್ಲು ಇಟ್ಟರು. 1954ರ ಜೂನಿನಲ್ಲಿ ಆಸ್ಪತ್ರೆಯ ಬಾಗಿಲು ತೆರೆದಾಗ ಇದ್ದದ್ದು ಹನ್ನೆರಡು ಹಾಸಿಗೆ. ವೈದ್ಯರಲ್ಲಿ ಅವರ ಮಗ ಕೃಷ್ಣಮೂರ್ತಿಯೂ ಒಬ್ಬರು. ನಮ್ಮ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಹುಟ್ಟುವುದಕ್ಕೆ ಆಗಿನ್ನೂ ಹತ್ತೊಂಬತ್ತು ವರ್ಷ ಬಾಕಿ ಇತ್ತು.

ಮರುವರ್ಷ ಡಾ. ವಿ. ಶಾಂತಾ ಎಂಬ ಯುವತಿ, ಸರ್ಕಾರಿ ಆಸ್ಪತ್ರೆಯ ಭದ್ರವಾದ ಕೆಲಸ ಬೇಡವೆಂದು ಈ ಪುಟ್ಟ ಆಸ್ಪತ್ರೆಗೆ ಬಂದು ಸೇರಿದರು. ಅದರ ಆವರಣದಲ್ಲೇ ಬದುಕಿ, ಬಡವರಿಗೆ ಉಚಿತವಾಗಿಯೋ ಕಡಿಮೆ ಖರ್ಚಿನಲ್ಲೋ ಚಿಕಿತ್ಸೆ ಸಿಗುವ ಕ್ರಮವನ್ನು ಗಟ್ಟಿ ಮಾಡಿದರು. ಮುತ್ತುಲಕ್ಷ್ಮಿ 1956ರಲ್ಲಿ ಪದ್ಮಭೂಷಣ ಪಡೆದು, 1968ರ ಜುಲೈನಲ್ಲಿ ತೀರಿಕೊಂಡರು. ಶಾಂತಾ 2021ರ ಜನವರಿಯವರೆಗೂ ಅಡ್ಯಾರಿನಲ್ಲಿದ್ದರು. ತಮಿಳುನಾಡಿನಲ್ಲಿ ಇಂದು ಬಡ ಬಸುರಿಯರಿಗೆ ಸರ್ಕಾರ ಕೊಡುವ ಹೆರಿಗೆಯ ನೆರವಿಗೆ ಇರುವುದು ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಹೆಸರು.